ಪಿಯುಸಿ ಮುಗಿಯಿತು, ಸೇನೆಗೂ ಹೋಗಬೇಕು, ಡಿಗ್ರಿಯೂ ಬೇಕು: ಎಲ್ಲಿಂದ ಶುರು ಮಾಡೋದು?

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಮನೆಗೆ ಒಂದಿಬ್ಬರಾದರೂ ಬಂದೇ ಬರುತ್ತಾರೆ. ಮಗ ಮುಂದೆ, ಅಪ್ಪ ಹಿಂದೆ, ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಫೈಲು. ನಾನು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನು, ಮಿಲಿಟರಿಯವನಲ್ಲ. ಆದರೂ ಕೇಳೋದು ನನ್ನನ್ನೇ. "ಸರ್, ಇವನಿಗೆ ಮಿಲಿಟರಿ ಹುಚ್ಚು. ಆರ್ಮಿ ಒಳ್ಳೇದಾ, ನೇವಿ ಒಳ್ಳೇದಾ, ಏರ್‌ಫೋರ್ಸಾ? ಡಿಗ್ರಿ ಮಾತ್ರ ಕೈಬಿಟ್ಟು ಹೋಗಬಾರದು."

ನಾನು ತಿರುಗಿ ಕೇಳೋದು ಒಂದೇ: "ಹುಟ್ಟಿದ ತಾರೀಖು ಎಷ್ಟಪ್ಪ?"

ಯಾವ ಪಡೆ ಅನ್ನುವುದು ಆಮೇಲಿನ ಮಾತು. ಡಿಗ್ರಿ ಯಾವಾಗ ಬೇಕು ಅನ್ನುವುದು ಮೊದಲು. ಸೇನೆಯ ಒಳಗೇ ಓದಿ ಡಿಗ್ರಿ ತಗೊಳ್ಳಬಹುದು. ಡಿಗ್ರಿ ಮುಗಿಸಿ ಸೇನೆಗೆ ಹೋಗಬಹುದು. ಸಿಪಾಯಿಯಾಗಿ ಸೇರಿ ಪಕ್ಕದಲ್ಲಿ ದೂರಶಿಕ್ಷಣದಲ್ಲಿ ಓದಬಹುದು. ಈ ಮೂರರಲ್ಲಿ ಯಾವುದು ನಿಮ್ಮದು ಅಂತ ಗೊತ್ತಾದರೆ, ಯಾವ ಪಡೆ ಅನ್ನೋದು ಅರ್ಧ ತಾನಾಗೇ ತೀರ್ಮಾನ ಆಗುತ್ತೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಒಳಗೇ ಓದುವ ದಾರಿಗಳಲ್ಲಿ ದೊಡ್ಡದು ಎನ್‌ಡಿಎ, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ವಯಸ್ಸಿನ ಲೆಕ್ಕ ಹೀಗೆ: ಕೋರ್ಸ್ ಶುರುವಾಗುವ ದಿನಕ್ಕೆ ಹದಿನಾರೂವರೆ ತುಂಬಿರಬೇಕು, ಹತ್ತೊಂಬತ್ತೂವರೆ ದಾಟಿರಬಾರದು. ಪರೀಕ್ಷೆ ಬರೆಯುವ ದಿನಕ್ಕಲ್ಲ, ಕೋರ್ಸ್ ಶುರುವಾಗುವ ದಿನಕ್ಕೆ. ಬಹಳ ಮಂದಿ ಎಡವೋದು ಇಲ್ಲೇ.

ಯುಪಿಎಸ್‌ಸಿ ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರೆದರೆ ಮುಂದಿನ ಜನವರಿಯ ಕೋರ್ಸು, ಸೆಪ್ಟೆಂಬರ್‌ನಲ್ಲಿ ಬರೆದರೆ ಮುಂದಿನ ಜುಲೈ ಕೋರ್ಸು. ಸೆಕೆಂಡ್ ಪಿಯುಸಿ ಓದುತ್ತಿರುವಾಗಲೇ ಬರೆಯಬಹುದು. ಫಸ್ಟ್ ಪಿಯುಸಿಯವರು ಬರೆಯುವ ಹಾಗಿಲ್ಲ.

ಒಂದೇ ಬೆಂಚಿನ ಇಬ್ಬರನ್ನು ತಗೊಳ್ಳೋಣ. ಇಬ್ಬರೂ 2026ರ ಜೂನ್‌ನಲ್ಲಿ ಸೆಕೆಂಡ್ ಪಿಯುಸಿಗೆ ಬಂದವರು. ಒಬ್ಬ ಹುಟ್ಟಿದ್ದು 14 ಮಾರ್ಚ್ 2009. ಅವನಿಗೆ ಹತ್ತೊಂಬತ್ತೂವರೆ ತುಂಬೋದು 2028ರ ಸೆಪ್ಟೆಂಬರ್‌ನಲ್ಲಿ. ಅಂದರೆ 2027ರ ಜುಲೈ, 2028ರ ಜನವರಿ, 2028ರ ಜುಲೈ, ಮೂರು ಕೋರ್ಸಿಗೆ ಅವಕಾಶ. ಇನ್ನೊಬ್ಬ ಹುಟ್ಟಿದ್ದು 2008ರ ನವೆಂಬರ್. ಅವನಿಗೆ 2028ರ ಮೇ ತಿಂಗಳಿಗೇ ಬಾಗಿಲು ಮುಚ್ಚುತ್ತೆ, ಹಾಗಾಗಿ ಎರಡೇ ಅವಕಾಶ. ನಾಲ್ಕು ತಿಂಗಳ ಅಂತರ, ಒಂದು ಇಡೀ ಪ್ರಯತ್ನ ಹೋಯಿತು. ಈ ಎರಡನೆಯವನು "ಪಿಯುಸಿ ಮುಗೀಲಿ, ಆಮೇಲೆ ನೋಡೋಣ" ಅಂದರೆ ಅವನ ಕೈಯಲ್ಲಿ ಒಂದೂ ಉಳಿಯಲ್ಲ, ಏಪ್ರಿಲ್ ಪರೀಕ್ಷೆಗೆ ಅರ್ಜಿ ಹಾಕುವ ಕೊನೆ ದಿನ ಅಷ್ಟರಲ್ಲಿ ಕಳೆದಿರುತ್ತೆ.

ಒಂದು ಹಾಳೆ ತಗೊಂಡು ನಿಮ್ಮ ಲೆಕ್ಕ ನೀವೇ ಹಾಕಿ. ಹತ್ತು ನಿಮಿಷದ ಕೆಲಸ.

ಸೇನೆಯ ಒಳಗೇ ಡಿಗ್ರಿ

ಎನ್‌ಡಿಎಯಲ್ಲಿ ಮೂರು ವರ್ಷ. ಡಿಗ್ರಿ ಕೊಡೋದು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ: ಬಿಎ, ಬಿಎಸ್‌ಸಿ, ಬಿಎಸ್‌ಸಿ ಕಂಪ್ಯೂಟರ್ ಸೈನ್ಸ್. ನೇವಿ, ಏರ್‌ಫೋರ್ಸ್ ಕೆಡೆಟ್‌ಗಳಿಗೆ ಬಿ.ಟೆಕ್ ಕೂಡ ಇದೆ, ಅದರ ಕೊನೆಯ ವರ್ಷ ಅವರವರ ಪಡೆಯ ಅಕಾಡೆಮಿಯಲ್ಲಿ. ಆಮೇಲೆ ಆರ್ಮಿಯವರು ಡೆಹ್ರಾಡೂನ್‌ಗೆ, ನೇವಿಯವರು ಕಣ್ಣೂರು ಹತ್ತಿರದ ಎಳಿಮಲಕ್ಕೆ, ಏರ್‌ಫೋರ್ಸ್‌ನವರು ಹೈದರಾಬಾದ್ ಪಕ್ಕದ ದುಂಡಿಗಲ್‌ಗೆ. ಈ ಹಂತದ ತರಬೇತಿಯಲ್ಲೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಬರುತ್ತದೆ. ಓದಿನ, ಊಟದ, ವಸತಿಯ ಖರ್ಚು ಸರ್ಕಾರದ್ದು. ಆದರೆ ಮಧ್ಯದಲ್ಲಿ "ನನಗೆ ಆಗಲ್ಲ" ಅಂತ ತಾನಾಗೇ ಬಿಟ್ಟು ಬಂದರೆ ತರಬೇತಿಯ ಖರ್ಚು ಕಟ್ಟಬೇಕು. ಅದಕ್ಕೆ ಸೇರುವಾಗಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಅಪ್ಪ ಅಮ್ಮ ಆ ಕಾಗದವನ್ನು ಓದಿ ಸಹಿ ಹಾಕಿ.

ಕಾಂಬಿನೇಷನ್ ವಿಷಯಕ್ಕೆ ಬರೋಣ. ಆರ್ಮಿಗೆ ಯಾವ ಪಿಯುಸಿ ಆದರೂ ನಡೆಯುತ್ತೆ, ಆರ್ಟ್ಸ್ ಆಗಲಿ, ಕಾಮರ್ಸ್ ಆಗಲಿ. ನೇವಿಗೆ, ಏರ್‌ಫೋರ್ಸ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಲೇಬೇಕು. ಆದರೆ ಲಿಖಿತ ಪರೀಕ್ಷೆ ಎಲ್ಲರಿಗೂ ಒಂದೇ. 900 ಅಂಕ: ಗಣಿತ 300, ಸಾಮಾನ್ಯ ಸಾಮರ್ಥ್ಯ 600. ತಪ್ಪು ಉತ್ತರಕ್ಕೆ ಮೂರನೇ ಒಂದು ಪಾಲು ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿಲ್ಲ. ಅಂದರೆ ಆರ್ಟ್ಸ್ ಹುಡುಗ ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್, ವೆಕ್ಟರ್ ಎಲ್ಲ ತಾನೇ ಕಲಿಯಬೇಕು. ಕಲಿತವರನ್ನು ನೋಡಿದ್ದೇನೆ. ಸುಲಭ ಅಂತ ಸುಳ್ಳು ಹೇಳಲ್ಲ.

ಒಂದು ಸಮಾಧಾನದ ಸಂಗತಿ. ಲಿಖಿತ ಪರೀಕ್ಷೆಯ ಕಟಾಫ್ ನಮ್ಮ ಮಕ್ಕಳು ಅಂದುಕೊಂಡಷ್ಟು ಎತ್ತರದಲ್ಲಿಲ್ಲ. 900ಕ್ಕೆ 300ರ ಆಚೀಚೆ ನಿಂತ ವರ್ಷಗಳಿವೆ, 350 ದಾಟಿದ ವರ್ಷಗಳೂ ಇವೆ. ಎಲ್ಲ ಪ್ರಶ್ನೆ ಮುಟ್ಟಲು ಹೋಗಿ ನೆಗೆಟಿವ್ ತಗೊಳ್ಳೋದಕ್ಕಿಂತ, ಗೊತ್ತಿರೋದನ್ನು ಗಟ್ಟಿಯಾಗಿ ಮಾಡಿದವನು ದಾಟುತ್ತಾನೆ.

ಇಂಜಿನಿಯರಿಂಗೇ ಬೇಕು ಅನ್ನುವವರಿಗೆ ಇನ್ನೆರಡು ಬಾಗಿಲುಗಳಿವೆ, ಎರಡಕ್ಕೂ ಪ್ರತ್ಯೇಕ ಲಿಖಿತ ಪರೀಕ್ಷೆ ಇಲ್ಲ. ಆರ್ಮಿಯ 10+2 ಟೆಕ್ನಿಕಲ್ ಎಂಟ್ರಿಗೆ ಪಿಸಿಎಂನಲ್ಲಿ ಕನಿಷ್ಠ 60%. ನಾಲ್ಕು ವರ್ಷದ ತರಬೇತಿ, ಕೊನೆಗೆ ಇಂಜಿನಿಯರಿಂಗ್ ಡಿಗ್ರಿ, ಲೆಫ್ಟಿನೆಂಟ್ ಪದವಿ. ಇದು ಸದ್ಯ ಹುಡುಗರಿಗೆ ಮಾತ್ರ. ನೇವಿಯ 10+2 ಬಿ.ಟೆಕ್ ಎಂಟ್ರಿಗೆ ಪಿಸಿಎಂನಲ್ಲಿ 70%, ಹತ್ತರಲ್ಲೋ ಹನ್ನೆರಡರಲ್ಲೋ ಇಂಗ್ಲಿಷ್‌ನಲ್ಲಿ 50%. ಓದು ಎಳಿಮಲದಲ್ಲಿ. ಇದು ಹುಡುಗಿಯರಿಗೂ ಉಂಟು.

ಇಲ್ಲೊಂದು ಗುಂಡಿ ಇದೆ, ನಮ್ಮ ರಾಜ್ಯದ ಮಕ್ಕಳು ಸಾಲುಸಾಲಾಗಿ ಬೀಳೋದು ಇದರಲ್ಲೇ. ಈ ಎರಡಕ್ಕೂ ಜೆಇಇ ಮೇನ್ ಬರೆದಿರಬೇಕು. ನಮ್ಮಲ್ಲಿ "ಸಿಇಟಿ ಇದೆಯಲ್ಲ, ಐಐಟಿ ಎಲ್ಲ ನಮಗ್ಯಾಕೆ" ಅಂತ ಜೆಇಇ ಫಾರ್ಮೇ ತುಂಬೋದಿಲ್ಲ. ಹೋದ ವರ್ಷ ಪಿಸಿಎಂನಲ್ಲಿ 90 ದಾಟಿದ ಹುಡುಗನೊಬ್ಬ ನನ್ನ ಎದುರು ಕೂತು ಟೆಕ್ನಿಕಲ್ ಎಂಟ್ರಿಯ ಅರ್ಜಿ ತುಂಬುತ್ತಿದ್ದ. ಜೆಇಇ ಅಪ್ಲಿಕೇಶನ್ ನಂಬರ್ ಕೇಳುವ ಕಾಲಂ ಬಂತು. ಮೌಸ್ ಬಿಟ್ಟು ಸುಮ್ನೆ ಕೂತುಬಿಟ್ಟ. ಜೆಇಇ ಮೇನ್ ಕನ್ನಡದಲ್ಲೂ ಬರೆಯಬಹುದು. ಎನ್‌ಐಟಿಗೆ ಹೋಗುವ ಆಸೆ ಇಲ್ಲದಿದ್ದರೂ ಫಾರ್ಮ್ ತುಂಬಿ.

ಡಾಕ್ಟರ್ ಆಗಬೇಕು, ಯೂನಿಫಾರ್ಮೂ ಬೇಕು ಅಂದರೆ ನೀಟ್ ಮೂಲಕ ಪುಣೆಯ ಎಎಫ್‌ಎಂಸಿ, ಅಂದರೆ ಸೇನಾ ಪಡೆಗಳ ಮೆಡಿಕಲ್ ಕಾಲೇಜು. ಹುಡುಗಿಯರಿಗೆ ಮಿಲಿಟರಿ ನರ್ಸಿಂಗ್‌ನ ಬಿಎಸ್‌ಸಿ ಕೂಡ ನೀಟ್ ಮೇಲೆಯೇ, ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೇ ಅದರ ಕಾಲೇಜಿದೆ.

ಎನ್‌ಡಿಎ ಹುಡುಗಿಯರಿಗೆ ತೆರೆದದ್ದು 2021ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ. 2022ರಲ್ಲಿ ಮೊದಲ ತಂಡ ಸೇರಿತು, 2025ರ ಮೇನಲ್ಲಿ 17 ಮಂದಿ ಪಾಸ್ ಔಟ್ ಆದರು. ಹುಡುಗಿಯರಿಗೆ ಅರ್ಜಿ ಶುಲ್ಕವೂ ಇಲ್ಲ. "ಹುಡುಗಿಗೆ ಅದೆಲ್ಲ ಯಾಕೆ" ಅನ್ನುವ ಅಜ್ಜಂದಿರಿಗೆ ಈ ಪ್ಯಾರಾ ಓದಿ ಹೇಳಿ.

ಡಿಗ್ರಿ ಮೊದಲು, ಸೇನೆ ಆಮೇಲೆ

ಎನ್‌ಡಿಎ ಆಗಲಿಲ್ಲ ಅಂತ ಅಳುತ್ತಾ ಬಂದವರಿಗೆ ನಾನು ಹೇಳೋದು: ಹೋಗಿ ಒಳ್ಳೆ ಕಾಲೇಜಿನಲ್ಲಿ ಡಿಗ್ರಿಗೆ ಸೇರು, ಆದರೆ ಎನ್‌ಸಿಸಿ ಇರುವ ಕಾಲೇಜು ನೋಡಿ ಸೇರು.

ಯಾಕೆ ಅಂದರೆ, ಎನ್‌ಸಿಸಿ 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ 50% ಇದ್ದರೆ ಆರ್ಮಿಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆಯೇ ಇಲ್ಲ, ಅರ್ಜಿ ಆಯ್ಕೆಯಾದರೆ ನೇರ ಎಸ್‌ಎಸ್‌ಬಿ ಸಂದರ್ಶನ (ಅಧಿಕಾರಿಗಳನ್ನು ಆರಿಸುವ ಮಂಡಳಿಯದು). ವಯಸ್ಸು 19ರಿಂದ 25. ಡಿಗ್ರಿಯ ಮೊದಲ ವಾರದಲ್ಲೇ ಎನ್‌ಸಿಸಿ ಸೇರಿಕೊಳ್ಳಿ. ಎರಡನೇ ವರ್ಷದಲ್ಲಿ ಹೋಗಿ "ಸರ್ ನನ್ನನ್ನೂ ಸೇರಿಸಿಕೊಳ್ಳಿ" ಅಂದರೆ ಆಗೋದಿಲ್ಲ. ಸೀಟುಗಳು ಲೆಕ್ಕಕ್ಕಿವೆ.

ಡಿಗ್ರಿ ಆದವರಿಗೆ ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ ಇದೆ. ಇದರಲ್ಲಿ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ, ಅಂದರೆ ಓಟಿಎಗೆ ಅಂತ ಬರೆಯುವವರಿಗೆ ಗಣಿತದ ಪತ್ರಿಕೆ ಇಲ್ಲ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಮಾತ್ರ. ಗಣಿತದ ಮೇಷ್ಟ್ರೇ ಇದನ್ನು ಹೇಳಬೇಕಾಗಿ ಬಂತು ನೋಡಿ. ಓಟಿಎಯಿಂದ ಬರುವುದು ಶಾರ್ಟ್ ಸರ್ವಿಸ್ ಕಮಿಷನ್, 10 ವರ್ಷ, ಬೇಕಾದರೆ ಇನ್ನೂ 4. ಪೆನ್ಷನ್‌ಗೆ 20 ವರ್ಷದ ಸೇವೆ ಬೇಕು, ಇದು ಗೊತ್ತಿರಲಿ. ಏರ್‌ಫೋರ್ಸ್‌ಗೆ ಅದರದೇ ಪರೀಕ್ಷೆ, ಎಎಫ್‌ಕ್ಯಾಟ್: ಡಿಗ್ರಿಯಲ್ಲಿ 60% ಬೇಕು, ಪೈಲಟ್ ಆಗೋದಿದ್ದರೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು. ಪಿಯುಸಿಯಲ್ಲಿ ಬಿಟ್ಟ ಮ್ಯಾಥ್ಸ್ ಐದು ವರ್ಷ ಆದಮೇಲೂ ಬೆನ್ನು ಬಿಡೋದಿಲ್ಲ. ಬಿಇ ಮಾಡಿದವರಿಗೆ ಆರ್ಮಿಯಲ್ಲಿ ಲಿಖಿತ ಪರೀಕ್ಷೆ ಇಲ್ಲದ ಟೆಕ್ನಿಕಲ್ ಎಂಟ್ರಿಗಳಿವೆ, ಎಲ್‌ಎಲ್‌ಬಿ ಆದವರಿಗೆ ಕಾನೂನು ವಿಭಾಗ ಇದೆ.

ನನ್ನನ್ನು ಕೇಳಿದರೆ, ಮನೆಯಲ್ಲಿ ತಕ್ಷಣ ದುಡ್ಡಿನ ತುರ್ತು ಇಲ್ಲದ, ಆದರೆ 17ನೇ ವಯಸ್ಸಿಗೆ ಮನಸ್ಸು ಗಟ್ಟಿಯಾಗದ ಹುಡುಗನಿಗೆ ಇದೇ ಒಳ್ಳೆ ದಾರಿ. ಎಸ್‌ಎಸ್‌ಬಿಯಲ್ಲಿ 21 ವರ್ಷದವನು ಮಾತಾಡುವ ರೀತಿಯೇ ಬೇರೆ.

ಅಗ್ನಿವೀರ್ ಆಗಿ, ಪಕ್ಕದಲ್ಲಿ ಡಿಗ್ರಿ

ಇದು ಅಧಿಕಾರಿ ಹುದ್ದೆಯಲ್ಲ, ಸಿಪಾಯಿ ಹುದ್ದೆ. ಅದನ್ನು ಬಿಡಿಸಿ ಹೇಳದೆ ಮಕ್ಕಳನ್ನು ಕಳಿಸುವ ಕೋಚಿಂಗ್‌ನವರ ಮೇಲೆ ನನಗೆ ಸಿಟ್ಟಿದೆ.

2022ರಲ್ಲಿ ಶುರುವಾದ ಯೋಜನೆ. ಹದಿನೇಳೂವರೆ ತುಂಬಿರಬೇಕು, ಮದುವೆ ಆಗಿರಬಾರದು, ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷಕ್ಕೆ 40,000. ಆದರೆ ಅದರಲ್ಲಿ 30% ಸೇವಾನಿಧಿಗೆ ಹೋಗುತ್ತೆ, ಹಾಗಾಗಿ ಮೊದಲ ವರ್ಷ ಕೈಗೆ ಬರೋದು 21,000. ಸರ್ಕಾರ ಅಷ್ಟೇ ದುಡ್ಡು ಸೇರಿಸಿ, ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೊನೆಗೆ ಕೊಡುತ್ತದೆ. ಪೆನ್ಷನ್ ಇಲ್ಲ. ನಾಲ್ಕು ವರ್ಷದ ನಂತರ ಕಾಯಂ ಆಗಿ ಉಳಿಸಿಕೊಳ್ಳುವುದು 25% ತನಕ. ಅಂದರೆ ನಾಲ್ವರಲ್ಲಿ ಮೂವರು ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ಮನೆಗೆ ಬರುತ್ತಾರೆ.

ಹಾಗಾಗಿಯೇ ಈ ದಾರಿಯಲ್ಲಿ ಡಿಗ್ರಿ ಜಾಸ್ತಿ ಮುಖ್ಯ. ರೆಗ್ಯುಲರ್ ಕಾಲೇಜು ಸಾಧ್ಯವೇ ಇಲ್ಲ, ಪೋಸ್ಟಿಂಗ್ ಎಲ್ಲೋ, ಅಟೆಂಡೆನ್ಸ್ ಎಲ್ಲೋ. ಇಗ್ನೋ ವಿಶ್ವವಿದ್ಯಾಲಯ ಅಗ್ನಿವೀರರಿಗೆ ಅಂತಲೇ ಡಿಗ್ರಿ ರೂಪಿಸಿದೆ, ಅದರಲ್ಲಿ ಅರ್ಧ ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಬರುತ್ತೆ. ಉಳಿದರ್ಧ ನೀವು ಓದಬೇಕು. ಹತ್ತನೇ ತರಗತಿ ಮೇಲೆ ಸೇರಿದವರಿಗೆ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ಸರ್ಟಿಫಿಕೇಟ್ ತಗೊಳ್ಳುವ ವ್ಯವಸ್ಥೆಯೂ ಇದೆ. ಮೊದಲ ವರ್ಷ ತರಬೇತಿ, ಹೊಸ ಜಾಗ ಅಂತ ಪುಸ್ತಕ ಮುಟ್ಟೋಕೆ ಆಗಲ್ಲ. ಎರಡನೇ ವರ್ಷದಿಂದ ರಾತ್ರಿ ಒಂದು ಗಂಟೆ ತೆಗೆದಿಟ್ಟವನು ಡಿಗ್ರಿ ಜೊತೆ ಬರುತ್ತಾನೆ.

ಆರ್ಮಿ ಅಗ್ನಿವೀರ್ ಆನ್‌ಲೈನ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ರಾಜ್ಯದಲ್ಲಿ ನೇಮಕಾತಿ ಕಚೇರಿ ಮೂರು ಕಡೆ ಇವೆ: ಬೆಂಗಳೂರು, ಮಂಗಳೂರು, ಬೆಳಗಾವಿ. ರ‍್ಯಾಲಿಯಲ್ಲಿ 1.6 ಕಿ.ಮೀ. ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ, ಹತ್ತು ಪುಲ್‌ಅಪ್‌ಗೆ 40. ಹುಡುಗಿಯರಿಗೆ ಆರ್ಮಿಯಲ್ಲಿ ಮಿಲಿಟರಿ ಪೊಲೀಸ್ ವಿಭಾಗ ಇದೆ. ಇದ್ಯಾವುದಕ್ಕೂ ಏಜೆಂಟ್ ಬೇಕಿಲ್ಲ. "ಎರಡು ಲಕ್ಷ ಕೊಡಿ, ಒಳಗೆ ಮಾತಾಡಿದ್ದೇನೆ" ಅನ್ನುವವನಿಗೆ ಬಾಗಿಲು ತೋರಿಸಿ.

ಅಂದಹಾಗೆ ಬಿಎಸ್‌ಎಫ್, ಸಿಆರ್‌ಪಿಎಫ್ ಇವು ಸೇನೆ ಅಲ್ಲ. ಗೃಹ ಸಚಿವಾಲಯದ ಕೆಳಗೆ ಬರುವ ಪಡೆಗಳು, ಅವುಗಳ ಪರೀಕ್ಷೆ ಬೇರೆ.

ಈಗ ಕೇಳಿ: ಆರ್ಮಿನಾ, ನೇವಿನಾ, ಏರ್‌ಫೋರ್ಸಾ?

ಎನ್‌ಡಿಎ ಅರ್ಜಿಯಲ್ಲಿ ಆದ್ಯತೆಯ ಕ್ರಮ ಕೇಳುತ್ತಾರೆ. ಇತ್ತೀಚಿನ ಅಧಿಸೂಚನೆಗಳಲ್ಲಿ ಒಂದು ಕೋರ್ಸಿಗೆ ಆರ್ಮಿಗೆ 208, ಏರ್‌ಫೋರ್ಸ್‌ಗೆ 120, ನೇವಿಗೆ 42 ಸೀಟು. ಎಳಿಮಲದ ನೌಕಾ ಅಕಾಡೆಮಿಗೆ ಬೇರೆ ಒಂದಿಷ್ಟು. ಸೀಟು ಜಾಸ್ತಿ ಅಂತ ಮಾತ್ರ ನೋಡಿ ಬರೆಯಬೇಡಿ.

ಆರ್ಮಿ ಅಂದರೆ ಜನ. ಇಪ್ಪತ್ತೆರಡನೇ ವಯಸ್ಸಿಗೆ ಮೂವತ್ತು ಚಿಲ್ಲರೆ ಜವಾನರು ನಿಮ್ಮ ಮಾತು ಕೇಳಲು ನಿಂತಿರುತ್ತಾರೆ, ಅವರಲ್ಲಿ ಅರ್ಧ ಜನ ನಿಮಗಿಂತ ದೊಡ್ಡವರು. ಮರಾಠಾ ಲೈಟ್ ಇನ್ಫೆಂಟ್ರಿಗೆ ಹೋದ ಅಧಿಕಾರಿ ಮರಾಠಿ ಕಲಿಯುತ್ತಾನೆ, ಮದ್ರಾಸ್ ರೆಜಿಮೆಂಟ್‌ಗೆ ಹೋದವನು ತಮಿಳು. ಕ್ಲಾಸ್ ಲೀಡರ್ ಆಗೋಕೆ ಇಷ್ಟಪಟ್ಟವರು, ಊರ ಜಾತ್ರೆಯಲ್ಲಿ ಎಲ್ಲರನ್ನೂ ಸೇರಿಸಿ ಕೆಲಸ ಮಾಡಿಸುವವರು ಇಲ್ಲಿ ಖುಷಿಯಾಗಿರುತ್ತಾರೆ. ಕಾಲಾಳು ಪಡೆನಾ, ಸಿಗ್ನಲ್ಸಾ, ಇಂಜಿನಿಯರ್ಸಾ ಅನ್ನೋದು ಡೆಹ್ರಾಡೂನ್‌ನಲ್ಲಿ ತೀರ್ಮಾನ ಆಗುತ್ತೆ. ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ನೇವಿ ಅಂದರೆ ಯಂತ್ರ ಮತ್ತು ಮನೆಯಿಂದ ದೂರ. ಹಡಗು ಹೊರಟರೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ. ಮನೆಗೆ ಫೋನ್ ಮಾಡದೆ ನಾಲ್ಕು ದಿನ ಇರಲಾಗದವರು ಇದನ್ನು ಯೋಚಿಸಿ. ಆದರೆ ದಡಕ್ಕೆ ಬಂದಾಗ ಇರುವ ಊರುಗಳು ಕಾರವಾರ, ಕೊಚ್ಚಿ, ಮುಂಬೈ, ವಿಶಾಖಪಟ್ಟಣ. ಬಿಚ್ಚಿ ಜೋಡಿಸುವ ಹುಚ್ಚಿರುವ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಜಾಗ. ಈಜು ಬರಲ್ಲ ಅಂತ ಹೆದರಬೇಡಿ, ಕಲಿಸುತ್ತಾರೆ.

ಏರ್‌ಫೋರ್ಸ್ ಅಂದ ಕೂಡಲೇ ಎಲ್ಲರ ಕಣ್ಣಲ್ಲೂ ಪೈಲಟ್. 120ರಲ್ಲಿ 92 ಹಾರಾಟಕ್ಕೆ, ಉಳಿದ 28 ನೆಲದ ಕೆಲಸಕ್ಕೆ. ಪೈಲಟ್ ಆಗಲು ಮೈ ಅಳತೆಯೂ ಸರಿ ಇರಬೇಕು: ಎತ್ತರ ಕನಿಷ್ಠ 162.5 ಸೆಂ.ಮೀ., ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗೆ. ಸಿಪಿಎಸ್‌ಎಸ್ ಅನ್ನುವ ಯಂತ್ರದ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಅದು ನಡೆಯುವ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅದರಲ್ಲಿ ಹೋದರೆ ಪೈಲಟ್ ಕನಸು ಮುಗಿಯಿತು, ಏರ್‌ಫೋರ್ಸ್ ಮುಗಿಯಲ್ಲ.

ಕಣ್ಣು, ಟ್ಯಾಟೂ, ಹೆಸರು

ಅರ್ಜಿ ಹಾಕುವ ಮುಂಚೆಯೇ ಕಣ್ಣು ತೋರಿಸಿ, ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ನೂರು ರೂಪಾಯಿ ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು, ಕಣ್ಣಿನ ಡಾಕ್ಟರ್ ಬೇಕು. ಕನ್ನಡಕ ತೆಗೆಸಬೇಕು ಅಂತ ಲೇಸಿಕ್ ಮಾಡಿಸಲು ಓಡಬೇಡಿ. 20 ವರ್ಷಕ್ಕೆ ಮುಂಚೆ ಮಾಡಿಸಿದ್ದರೆ ಏರ್‌ಫೋರ್ಸ್ ಒಪ್ಪೋದಿಲ್ಲ. ಟ್ಯಾಟೂ ಇದ್ದರೆ ಮುಂಗೈ ಒಳಭಾಗ, ಅಂಗೈ ಹಿಂಭಾಗ ಅಷ್ಟೇ ನಡೆಯೋದು. ಜಾತ್ರೆಯಲ್ಲಿ ಎದೆ ಮೇಲೆ ಹುಲಿ ಹಾಕಿಸಿಕೊಂಡವನನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ಹೆಸರಿನ ಗೋಳು. ಇದು ನಮ್ಮ ಕಡೆಯ ಖಾಸಾ ರೋಗ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ 'ಪ್ರಜ್ವಲ್ ಎಚ್ ಆರ್', ಆಧಾರ್‌ನಲ್ಲಿ 'ಪ್ರಜ್ವಲ್ ರಂಗಸ್ವಾಮಿ', ಅಪ್ಪನ ಹೆಸರು ಒಂದು ಕಡೆ ರಂಗಸ್ವಾಮಿ, ಇನ್ನೊಂದು ಕಡೆ ರಂಗಪ್ಪ. ನಮಗೆ ಇನಿಶಿಯಲ್ ಅಂದರೆ ಊರು ಮತ್ತು ಅಪ್ಪ, ಉತ್ತರ ಭಾರತದ ಗುಮಾಸ್ತನಿಗೆ ಅದು ಬೇರೆ ಮನುಷ್ಯ. ಹತ್ತನೇ ಕ್ಲಾಸಿನ ಕಾರ್ಡಿನಲ್ಲಿ ಇರುವ ಹೆಸರು, ಇರುವ ತಾರೀಖು, ಅದೇ ಅಂತಿಮ. ಅರ್ಜಿಯಲ್ಲಿ ಅದನ್ನೇ ಅಕ್ಷರಕ್ಕೆ ಅಕ್ಷರ ತುಂಬಿ, ಆಧಾರ್ ಅದಕ್ಕೆ ತಕ್ಕಂತೆ ಈಗಲೇ ತಿದ್ದಿಸಿ. ಪಿಯುಸಿ ರಜದಲ್ಲಿ ಮಾಡಬೇಕಾದ ಮೊದಲ ಕೆಲಸ ಕೋಚಿಂಗ್ ಅಲ್ಲ, ಇದು.

ಎಸ್‌ಎಸ್‌ಬಿಗೆ ಕರೆ ಬಂದರೆ

ಅಧಿಕಾರಿ ಹುದ್ದೆಗೆ ಯಾವ ದಾರಿಯಲ್ಲಿ ಹೋದರೂ ಇಲ್ಲಿಗೇ ಬರಬೇಕು. ಎನ್‌ಡಿಎಗೆ ಇದಕ್ಕೂ 900 ಅಂಕ, ಲಿಖಿತ ಪರೀಕ್ಷೆಯಷ್ಟೇ ತೂಕ. ಐದು ದಿನ ಅಲ್ಲೇ ಊಟ, ಅಲ್ಲೇ ವಾಸ, ಎದೆ ಮೇಲೊಂದು ಚೆಸ್ಟ್ ನಂಬರ್. ಬೆಂಗಳೂರಿನಲ್ಲೂ ಕೇಂದ್ರ ಇದೆ, ಏರ್‌ಫೋರ್ಸ್‌ನದು ಮೈಸೂರಿನಲ್ಲಿ. ಒಂದು ಬಗೆಯ ಎಂಟ್ರಿಗೆ ಮೊದಲ ಸಲ ಹೋಗುವಾಗ ರೈಲು ಚಾರ್ಜು ಅವರೇ ಕೊಡುತ್ತಾರೆ, ಟಿಕೆಟ್ ಎಸೆಯಬೇಡಿ.

ಮೊದಲ ದಿನವೇ ಬಹಳ ಜನ ಸ್ಕ್ರೀನ್ ಔಟ್ ಆಗುತ್ತಾರೆ. ಮಸುಕಾದ ಒಂದು ಚಿತ್ರ 30 ಸೆಕೆಂಡ್ ತೋರಿಸಿ, ನಾಲ್ಕು ನಿಮಿಷದಲ್ಲಿ ಕಥೆ ಬರೆ ಅನ್ನುತ್ತಾರೆ. ಆಮೇಲೆ ಗುಂಪಿನಲ್ಲಿ ಕೂತು ಅದನ್ನು ಹೇಳಬೇಕು, ಚರ್ಚೆ ಮಾಡಬೇಕು. ನಮ್ಮ ಮಕ್ಕಳು ಬೀಳೋದು ಈ ಚರ್ಚೆಯಲ್ಲಿ. ಇಂಗ್ಲಿಷ್ ಸರಿಯಾಗಿ ಬರದೆ ಅಲ್ಲ, ಬಾಯಿ ಬಿಡದೆ. ಮುರುಕು ಇಂಗ್ಲಿಷ್‌ನಲ್ಲಿ ಎರಡು ಸರಿಯಾದ ಮಾತು ಹೇಳಿದವನು ಉಳಿಯುತ್ತಾನೆ. ಕಿರುಚಾಡಿದವನೂ ಹೋಗುತ್ತಾನೆ, ಸುಮ್ಮನಿದ್ದವನೂ ಹೋಗುತ್ತಾನೆ.

ಅಭ್ಯಾಸಕ್ಕೆ ದುಡ್ಡು ಕೊಡಬೇಕಿಲ್ಲ. ಭಾನುವಾರ ನಾಲ್ಕು ಗೆಳೆಯರು ಕೂತು, ಪತ್ರಿಕೆಯ ಯಾವುದೋ ಫೋಟೋ ನೋಡಿ, ಗಡಿಯಾರ ಇಟ್ಟುಕೊಂಡು ಕಥೆ ಬರೆಯಿರಿ. ಒಬ್ಬೊಬ್ಬರೂ ಒಂದು ನಿಮಿಷ ಇಂಗ್ಲಿಷ್‌ನಲ್ಲಿ ಹೇಳಿ. ಬೆಳಿಗ್ಗೆ 2.4 ಕಿ.ಮೀ. 15 ನಿಮಿಷದೊಳಗೆ ಓಡುವಷ್ಟು ಮೈ ತಯಾರಿರಲಿ, ಎನ್‌ಡಿಎ ಸೇರುವವರಿಂದ ಕನಿಷ್ಠ ಇಷ್ಟನ್ನು ನಿರೀಕ್ಷಿಸುತ್ತಾರೆ. ಪ್ರಶ್ನೆಗೆ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್" ಅನ್ನಿ. ನನ್ನ ಒಬ್ಬ ವಿದ್ಯಾರ್ಥಿ ಎರಡು ಸಲ ಕೊನೆಯ ದಿನದ ಕಾನ್ಫರೆನ್ಸ್‌ವರೆಗೂ ಹೋಗಿ ಔಟ್ ಆಗಿ, ಮೂರನೇ ಸಲ ರೆಕಮೆಂಡ್ ಆದ, ಅಂದರೆ ಎಸ್‌ಎಸ್‌ಬಿ ಪಾಸಾದ. ಏನು ಬದಲಾಯಿಸಿದೆ ಅಂತ ಕೇಳಿದೆ. "ಏನಿಲ್ಲ ಸರ್, ಮೊದಲೆರಡು ಸಲ ಯೂಟ್ಯೂಬ್ ನೋಡಿ ಹೋಗಿದ್ದೆ. ಈ ಸಲ ಅಡಿಕೆ ಕೊಯ್ಲು ಮುಗಿಸಿ ನೇರ ಹೋದೆ. ಸಂದರ್ಶನದಲ್ಲಿ ಅದನ್ನೇ ಕೇಳಿದ್ರು, ಅದನ್ನೇ ಹೇಳಿದೆ" ಅಂದ.